ಬ್ಲಾಸಿಯಾಳ ಅಳತೆ

ಪೊರ್ಫಿರಿಯೊ ಮೇಸ್ತ್ರಿ ಜೇಬಿನಿಂದ ಸೀಮೆಸುಣ್ಣ ತೆಗೆದದ್ದೇ ತಡ, ಅಂಗಳದಲ್ಲಿದ್ದ ಹೆಂಗಸರಿಬ್ಬರೂ ಮಾತು ನಿಲ್ಲಿಸಿದರು. ನಲವತ್ತು ವರ್ಷ ವೆಲ್ಡಿಂಗ್ ಅಂಗಡಿ ನಡೆಸಿದ ಮನುಷ್ಯ ಅವನು. ಯಾರದೇ ಕೆಲಸದಲ್ಲಿ ತಪ್ಪು ಕಂಡರೆ ವಾದ ಮಾಡುತ್ತಿರಲಿಲ್ಲ, ಅಲ್ಲೊಂದು ಸೊನ್ನೆ ಸುತ್ತಿ ಹೊರಟುಬಿಡುತ್ತಿದ್ದ. ಅವನ ಸೊನ್ನೆ ಬಿದ್ದ ಮಾಲನ್ನು ವಿಯಾರಿಕಾ ಪಟ್ಟಣದಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಇವತ್ತು ಅವನ ಮುಂದೆ ನಿಂತದ್ದು ಹಳೆಯ ಎಣ್ಣೆ ಡ್ರಮ್ಮು ಸೀಳಿ ಮಾಡಿದ, ಇದ್ದಿಲಿನ ಮೇಲೆ ಮಾಂಸ ಸುಡುವ ಹೊಸ ತಳ್ಳುಗಾಡಿ. ಮಾಡಿದವಳು ಸುನಿಲ್ದಾ. ಹೊಟ್ಟೆಪಾಡಿಗೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ತನ್ನ ಮನೆಯ ಕೋಳಿಗೂಡು, ಕಿಟಕಿ ಸರಳು ಬೆಸೆಯುತ್ತ ಬೆಸೆಯುತ್ತ ತಾನಾಗಿ ವೆಲ್ಡಿಂಗ್ ಕಲಿತವಳು. ಮಾಡಿಸಿದವಳು ಮೇಸ್ತ್ರಿಯ ನಾದಿನಿ ಬ್ಲಾಸಿಯಾ. ಬಸ್ ನಿಲ್ದಾಣದ ಮೂಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಡ್ಡಿಗೆ ಚುಚ್ಚಿದ ಮಾಂಸ ಸುಟ್ಟು, ಬೇಯಿಸಿದ ಮರಗೆಣಸಿನ ಜೊತೆ ಮಾರುವವಳು. ಅವಳ ಹಳೆಯ ಗಾಡಿ ಮೇಸ್ತ್ರಿಯ ಕೈಕೆಲಸ. ಅದರ ತಳ ತುಕ್ಕು ತಿಂದು ಕೆಂಡ ಉದುರತೊಡಗುವ ಹೊತ್ತಿಗೆ ಅವನು ಸೊಂಟನೋವಿಗೆ ಸೋತು ಅಂಗಡಿ ಮುಚ್ಚಿಯಾಗಿತ್ತು. ಈಗ ಅದು ಅಂಗಳದ ಗೋಡೆಗೆ ಒರಗಿ ನಿಂತಿತ್ತು. "ಭಾವ ಒಪ್ಪಿದ್ರೆ ಮಾತ್ರ ಹೊಸದು ಬೀದಿಗೆ," ಎಂದು ಬ್ಲಾಸಿಯಾ ಮೊದಲೇ ಹೇಳಿಬಿಟ್ಟಿದ್ದಳು. ಹೊರಗಿನವರಿಗಾಗಿ ಸುನಿಲ್ದಾ ಮಾಡಿದ ಮೊದಲ ಕೆಲಸ ಇದು. ಇದಕ್ಕೆ ಸೊನ್ನೆ ಬಿದ್ದರೆ ಎರಡನೆಯದು ಬರುವುದಿಲ್ಲ ಎಂಬುದು ಮೇಸ್ತ್ರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಅಳತೆಗೆ ಬಂದವಳು ಟೇಪು ಹಿಡಿದು ನನ್ನನ್ನೇ ಅಳೆದ್ಲು ಭಾವ," ಬ್ಲಾಸಿಯಾ ನಕ್ಕಳು. "ಮೊಣಕೈ ಎಷ್ಟೆತ್ತರ, ತೋಳು ಎಷ್ಟುದ್ದ ಅಂತ. ಏನಮ್ಮ, ಗಾಡಿ ಮಾಡ್ತೀಯೋ ಲಂಗ ಹೊಲೀತೀಯೋ ಅಂತ ಕೇಳ್ದೆ."

"ಗುಂಡಿ ಎಲ್ಲೆಲ್ಲಿ ಹಾಕಿದ್ದಾಳೆ, ನೋಡೇಬಿಡೋಣ," ಎಂದು ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡ.

ಬೆಸುಗೆಯ ಉದ್ದಕ್ಕೂ ತಟ್ಟುತ್ತ, ಕಿವಿಗೊಟ್ಟು ಸುತ್ತು ಬಂದ. ಎಲ್ಲೂ ಪೊಳ್ಳು ಸದ್ದಿಲ್ಲ. ಗಾಡಿಗೆ ಜೋಡಿಸಿದ್ದ ಬೈಕಿನ ಗಾಲಿಗಳನ್ನು ಒದ್ದ; ಅಲುಗಲಿಲ್ಲ. ಬೂದಿ ತಟ್ಟೆ ಎಳೆದ. ಬೆಣ್ಣೆಯಲ್ಲಿ ಜಾರಿದಂತೆ ಬಂತು. ಮೇಸ್ತ್ರಿಗೆ ಒಳಗೊಳಗೇ ಕೊಂಚ ಹೊಟ್ಟೆ ಉರಿಯಿತು.

"ಈ ಡ್ರಮ್ಮಲ್ಲಿ ಮುಂಚೆ ಏನಿತ್ತು?"

"ಸೋಯಾ ಎಣ್ಣೆ, ಮೇಸ್ತ್ರಿ. ಆದ್ರೂ ಎರಡು ಸಲ ಬೆಂಕಿ ಹಾಕಿ ಬಣ್ಣ ಪೂರ್ತಿ ಸುಟ್ಟಿದ್ದೀನಿ."

"ಕಾದ ಮೇಲೆ ಇದ್ದಿಲಿನ ಬಾಗಿಲು ಕಚ್ಕೊಳ್ಳುತ್ತೆ."

"ಕಚ್ಚಲ್ಲ. ನಾಣ್ಯದ ದಪ್ಪ ಸಂದಿ ಬಿಟ್ಟಿದ್ದೀನಿ."

ಅಳುಕುವ ಪೈಕಿಯಲ್ಲ ಇವಳು. ಮೇಸ್ತ್ರಿ ಕೊನೆಗೆ ಅಡುಗೆಯವಳು ನಿಲ್ಲುವ ಮಗ್ಗುಲಿಗೆ ಬಂದು ನಿಂತ. ಅವನ ಮುಖ ಅರಳಿತು. ಇದ್ದಿಲು ಹಾಕುವ ಬಾಗಿಲು ಬಲಕ್ಕಿತ್ತು, ಸುಟ್ಟ ಮಾಂಸ ಇಳಿಸುವ ಹಲಗೆ ಎಡಕ್ಕಿತ್ತು.

"ಸಿಕ್ಕಿಬಿದ್ದೆ ನೋಡು! ಇಡೀ ದೇಶದಲ್ಲಿ ಹಲಗೆ ಬಲಗಡೆ ಇರುತ್ತೆ. ನೀನು ಗಾಡೀನೇ ಉಲ್ಟಾ ಹೊಲಿದಿದ್ದೀಯಲ್ಲೇ!" ಎಂದವನೇ ಹಲಗೆಯ ಮೇಲೆ ಸೀಮೆಸುಣ್ಣ ಊರಿದ.

ಸುನಿಲ್ದಾ ಕೂತಲ್ಲಿಂದ ಏಳಲಿಲ್ಲ. ತಣ್ಣಗೆ ಕುಡಿಯುವ ತೆರೆರೆ ಚಹಾದ ಸೊಪ್ಪು ತುಂಬಿದ ಕೊಂಬಿನ ಲೋಟಕ್ಕೆ ಐಸುನೀರು ಹೊಯ್ದು ಅವನತ್ತ ಚಾಚಿದಳು. "ಸೊನ್ನೆ ಎಲ್ಲಿಗೂ ಓಡಿಹೋಗಲ್ಲ ಮೇಸ್ತ್ರಿ. ಕೆಂಡ ತಯಾರಿದೆ. ಬ್ಲಾಸಿಯಾ ಅವರು ಒಂದ್ಸಲ ಸುಡಲಿ, ನೀವು ತಿನ್ನಿ, ಆಮೇಲೆ ಸುತ್ತಿ."

ಬ್ಲಾಸಿಯಾ ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡು ಗಾಡಿಯ ಹಿಂದೆ ನಿಂತಳು. ಹುಟ್ಟಾ ಎಡಚಿ ಅವಳು. ಎಡಗೈಯಲ್ಲಿ ಕಡ್ಡಿಗಳನ್ನು ತಿರುವಿದಳು, ಬೆಂದದ್ದನ್ನು ಎತ್ತಿ ಕತ್ತು ಹೊರಳಿಸದೆ ಎಡಕ್ಕೆ ಇಟ್ಟಳು. ಹಲಗೆ ಅಲ್ಲೇ ಇತ್ತು. ಬಲಗೈ ತನ್ನ ಪಾಡಿಗೆ ಇದ್ದಿಲು ಹಾಕುತ್ತಿತ್ತು. ಹತ್ತು ಹನ್ನೆರಡು ಕಡ್ಡಿ ಸುಟ್ಟ ಮೇಲೆ ಅವಳು ತಟ್ಟನೆ ನಿಂತಳು.

"ಏನೋ ಮರ್ತ ಹಾಗಿದೆಯಲ್ಲ ಭಾವ," ಎಂದಳು. ಎಡಗೈಯನ್ನು ತಿರುಗಿಸಿ ನೋಡಿ ಜೋರಾಗಿ ನಕ್ಕಳು. "ಕೈ ಸುಟ್ಕೊಳ್ಳೋದು!"

ಮೇಸ್ತ್ರಿ ಅವಳ ಎಡಗೈ ನೋಡಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗೆರೆಗಳು. ಹಳೆಯವು ಬೆಳ್ಳಗೆ, ಈಚಿನವು ಕೆಂಪಗೆ. ಪ್ರತಿ ಶನಿವಾರ ಆ ಕೈಯಿಂದಲೇ ಮಾಂಸ ಇಸಿದುಕೊಂಡು ತಿಂದಿದ್ದ, ಬೆಂಕಿ ಮುಂದೆ ನಿಲ್ಲುವವರ ಕೈ ಹೀಗೇ ಇರುತ್ತದೆ ಅಂದುಕೊಂಡಿದ್ದ. ತನ್ನ ಗಾಡಿಯಲ್ಲಿ ಹಲಗೆ ಬಲಕ್ಕಿತ್ತು. ಪ್ರತಿ ಕಡ್ಡಿಗೂ ಈ ಎಡಗೈ ಕೆಂಡವನ್ನು ದಾಟಿ ಹೋಗಬೇಕಿತ್ತು, ಇಪ್ಪತ್ತೆರಡು ವರ್ಷ. ಅವನಿಗೆ ನಾಚಿಕೆಯಾಯಿತು.

"ಎಡಚಿ ಅಂತ ಅವತ್ತೇ ಒಂದು ಮಾತು ಹೇಳಬಾರದಿತ್ತೇನೇ?"

"ಅಕ್ಕನ ಮದುವೇಲಿ ಈ ಕೈಯಲ್ಲೇ ನಿಮ್ಮ ಕಿವಿ ಹಿಂಡಿದ್ದೆ. ಗೊತ್ತಿದೆ ಅಂದ್ಕೊಂಡಿದ್ದೆ ಭಾವ."

"ಮತ್ತೆ ಇವಳಿಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ," ಎಂದಳು ಸುನಿಲ್ದಾ. "ತೋಳು ಅಳೀಬೇಕಾದ್ರೆ ಕಾಣಿಸ್ತು."

ಬ್ಲಾಸಿಯಾ ಕೊಟ್ಟ ಕಡ್ಡಿಯಲ್ಲಿದ್ದ ಕೊನೆಯ ತುಂಡನ್ನೂ ಮೇಸ್ತ್ರಿ ನಿಧಾನವಾಗಿ ಅಗಿದು ಮುಗಿಸಿದ. ಹೊಸ ಹಲಗೆಯ ಮೇಲೆ ಊರಿದ್ದ ಬಿಳಿ ಚುಕ್ಕೆಯನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ಅಂಗಳ ದಾಟಿ ಗೋಡೆಯ ಬಳಿ ಹೋಗಿ, ಸೊಂಟ ಹಿಡಿದುಕೊಂಡು ಬಗ್ಗಿ, ತನ್ನ ಹಳೆಯ ಗಾಡಿಯ ಬಲಗಡೆ ಹಲಗೆಯ ಮೇಲೆ ದೊಡ್ಡದೊಂದು ಸೊನ್ನೆ ಸುತ್ತಿದ.