ಲಿಬೊರಿಯೊ ಪದದ ಅರ್ಥ

ಫಿಲಿಪೀನ್ಸಿನ ಸೆಬು ದ್ವೀಪದಲ್ಲಿ ಹೊಸ ಬಗೆಯ ಲೂಟಿ ನಡೆದಾಗಲೆಲ್ಲ, ಅದನ್ನು ಮೊದಲು ಮಾಡಿದವನ ಹೆಸರಿನ ಮೊದಲಿಗೆ, ಅಲ್ಲಿನ ಭಾಷೆಯಲ್ಲಿ ಕ್ರಿಯಾಪದ ಮಾಡುವ 'ಮಂಗ್' ಸೇರಿಸಿ ಹೊಸ ಪದ ನೋಂದಾಯಿಸುವುದು ಕಾನೂನು. ನೆರೆತಡೆ ಗೋಡೆಯ ಸಿಮೆಂಟ್ ಮಾರಿಕೊಂಡ ಲಿಬೊರಿಯೊನ ಮಗಳು ನೆರಿಸ್ಸಾ ಆಕ್ಷೇಪಣೆಯ ಅರ್ಜಿ ಹಿಡಿದು ಪದ ಕಚೇರಿಗೆ ಬಂದಳು.

"ಅಪ್ಪ ತೀರಿಕೊಂಡ್ರು, ಸಾರ್. ಆ ಹೆಸರು ಹೊತ್ತು ಬದುಕಬೇಕಾದವರು ನಾವು. ಬೇರೆ ಪದ ಮಾಡಿ."

"ಬದಲಾಯಿಸೋಕೆ ನಾವ್ಯಾರಮ್ಮ? ಮೀನುಪೇಟೆಯಲ್ಲಿ ಆಗಲೇ ಅದನ್ನೇ ಹೇಳಿ ಬೈಕೋತಿದಾರೆ," ಎಂದ ಗುಮಾಸ್ತ. "ಅರ್ಥ ಬರೆಯೋದಷ್ಟೇ ನಮ್ಮ ಕೆಲಸ. ಓದ್ಕೊಳ್ಳಿ."

'ಮಂಗ್‌ಲಿಬೊರಿಯೊ: ಸರ್ಕಾರಿ ಕಾಮಗಾರಿಯ ಸಿಮೆಂಟ್ ಕದಿಯುವುದು.'

ನೆರೆಗೆ ಆ ಗೋಡೆ ಕುಸಿದಾಗ ಸತ್ತ ಹನ್ನೊಂದು ಮಂದಿಯ ಸುದ್ದಿಯೇ ಅದರಲ್ಲಿರಲಿಲ್ಲ. ನೆರಿಸ್ಸಾ ಎರಡು ಸಲ ಓದಿ, ತನ್ನ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಗೋಡೆ ನಿಲ್ಲಲ್ಲ ಅಂತ ಅಪ್ಪಂಗೆ ಗೊತ್ತಿತ್ತು, ಸಾರ್," ಎಂದಳು. "ಅದನ್ನೂ ಬರ್ಕೊಳ್ಳಿ."