ಆಯಿಯ ಕೊರಳಿಗೆ ಚೆಂಡುಹೂವು

ಈಗಲೂ ಜೋಳದ ರೊಟ್ಟಿ ಸೀದ ವಾಸನೆ ಬಂದರೆ ಶಿಗ್ಗಾಂವದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಆಯಿ, ಅಂದರೆ ಅಪ್ಪನ ತಾಯಿ, ಹಿಂದಿನ ದಿನದಿಂದ ಕಣ್ಣು ತೆರೆದಿರಲಿಲ್ಲ. ಅವಳನ್ನು ಹೊರಸಿನಿಂದ ಇಳಿಸಿ, ಹಣೆಗೆ ವಿಭೂತಿ ಹಚ್ಚಿ, ನಡುಮನೆಯಲ್ಲಿ ಕಂಬಳಿಯ ಮೇಲೆ ಮಲಗಿಸಿದ್ದರು. ಬಂದವರೆಲ್ಲ ಅವಳ ತುಟಿಗೆ ಒಂದೊಂದು ಚಮಚ ನೀರು ಬಿಡುತ್ತಿದ್ದರು. ನನ್ನ ಸರದಿ ಬಂದಾಗ ನೀರು ಅವಳ ಗಲ್ಲದ ಮೇಲೆ ಚೆಲ್ಲಿತು. ಹಿರೇಕೆರೂರಿನಿಂದ ಬಂದ ಕಾಕಾನ ಚೀಲದಲ್ಲಿ ಚೆಂಡುಹೂವಿನ ದೊಡ್ಡ ಹಾರವಿತ್ತು.

ಬಂದ ಜನಕ್ಕೆ ರೊಟ್ಟಿ ಬಡಿಯುತ್ತಿದ್ದ ಅವ್ವ ಅಳುತ್ತಾ ಹಂಚನ್ನು ಮರೆತಳು. ಹೊಗೆ ನಡುಮನೆಗೆ ಬಂತು. ಆಯಿಯ ಮೂಗಿನ ಹೊಳ್ಳೆ ಅಲುಗಿತು.

"ಯಾರವಾ ಒಲಿ ಮುಂದ? ರೊಟ್ಟಿ ಹೊತ್ತಾಕತ್ತೈತಿ, ತಿರುವಿ ಹಾಕು."

ಅಪ್ಪ "ಯವ್ವಾ" ಎಂದು ಅವಳ ಕಾಲು ಹಿಡಿದುಕೊಂಡ. ಆಯಿ ಮೆಲ್ಲಗೆ ಎದ್ದು ಗೋಡೆಗೆ ಒರಗಿ ಕುಳಿತಳು. ಕಾಕಾ ಚೀಲವನ್ನು ಬೆನ್ನ ಹಿಂದೆ ಸರಿಸಿದ.

"ಏನೋ ಅದು? ತಗೀ ಹೊರಗ."

"ಏನಿಲ್ಲ ಬೇ ಯವ್ವಾ, ದೇವರಿಗೆ ತಂದೇನಿ."

"ಎಷ್ಟು ಸುಳ್ಳ ಹೇಳ್ತೀಯೋ ಬಾಡ್ಯಾ. ಸತ್ತಮ್ಯಾಲೆ ಹಾಕಿದ್ರ ನನಗ ಕಾಣತೈತೇನ? ಈಗ ಹಾಕು."

ಅಜ್ಜ ಹೋದಂದಿನಿಂದ ಆಯಿಯ ಮೈಮೇಲೆ ಹೂವನ್ನು ಯಾರೂ ನೋಡಿರಲಿಲ್ಲ. ಕಾಕಾ ಅಪ್ಪನ ಮುಖ ನೋಡಿದ. ಅಪ್ಪ ಹಾಕು ಎಂಬಂತೆ ತಲೆಯಾಡಿಸಿದ.

ಹಾರ ಹಾಕಿಸಿಕೊಂಡು, ನನ್ನ ಭುಜ ಹಿಡಿದು, ಆಯಿ ಒಲೆಯ ಮುಂದೆ ಹೋಗಿ ಕುಳಿತಳು. ಮುಂದೆ ನನ್ನ ಮಗಳ ತೊಟ್ಟಿಲನ್ನೂ ತೂಗಿದ ಆ ಕೈ ಅಂದು ಒಂದೇ ಒಂದು ರೊಟ್ಟಿ ಬಡಿಯಿತು. ಚೆಂಡುಹೂವಿನ ಎಸಳು ಹಿಟ್ಟಿನಲ್ಲಿ ಉದುರಿದವು. ಬೆಂದ ರೊಟ್ಟಿಯನ್ನು ಮುರಿದು, ತನ್ನ ಬಾಯಿಗೆ ನೀರು ಬಿಟ್ಟವರಿಗೆಲ್ಲ ಒಂದೊಂದು ಚೂರು ಕೊಟ್ಟಳು.

"ದೂರದಿಂದ ಬಂದೀರಿ, ತಿನ್ರಿ."