ಒಂದು ಗೇಣು

ಎರಡು ಸ್ಕ್ರೂ ಬಿಚ್ಚಿ ಮೂರನೆಯದಕ್ಕೆ ಕೈ ಹಾಕಿದಾಗ, ಬಾಗಿಲಿನ ಹಸಿರು ಬಣ್ಣದ ಮೇಲೆ ಉಗುರಿನಲ್ಲಿ ಕೆರೆದ ಗೀರುಗಳು ಬಡಗಿಯ ಕಣ್ಣಿಗೆ ಬಿದ್ದವು. ಎಲ್ಲವೂ ಚಿಲಕದ ಕೆಳಗೇ ನಿಂತಿದ್ದವು.

“ಬೇಗ ಮುಗ್ಸಪ್ಪ,” ಎಂದರು ಹಿಂದೆ ನಿಂತಿದ್ದ ಹೆಡ್‌ಮಾಸ್ಟರು. “ನಾಳೆ ವಿಚಾರಣೆಗೆ ಬರ್ತಾರೆ. ಚಿಲಕ ತೆಗ್ದು, ತೂತು ಮುಚ್ಚಿ, ಬಣ್ಣ ಬಳ್ದುಬಿಡು. ಯಾವುದೋ ಮಗು ಡ್ರಿಲ್ ಮೇಷ್ಟ್ರ ಮೇಲೆ ಏನೋ ಹೇಳ್ತು ಅಂತ ಶಾಲೆ ಮಾನ ಬೀದಿಗೆ ಬರ್ಬಾರ್ದು.”

ಆಟದ ಸಾಮಾನಿಡುವ ಈ ಕೋಣೆಗೆ ಹೋದ ವರ್ಷ ಒಳಗಿನಿಂದ ಚಿಲಕ ಹಾಕಿಕೊಟ್ಟವನು ಇದೇ ಬಡಗಿ. ಗಾಳಿಗೆ ಬಾಗಿಲು ಬಡಿಯುತ್ತದೆ ಎಂದಿದ್ದರು ಡ್ರಿಲ್ ಮೇಷ್ಟ್ರು. ಕಿಟಕಿಯೇ ಇಲ್ಲದ ಕೋಣೆಗೆ ಎಲ್ಲಿಯ ಗಾಳಿ ಎಂದು ಅವನು ಕೇಳಲಿಲ್ಲ. ಮಕ್ಕಳು ಆಟಕ್ಕೆ ಚಿಲಕ ಹಾಕಿಕೊಂಡು ಒಳಗೆ ಸಿಕ್ಕಿಬಿದ್ದಾವು ಎಂದು, ಅವರ ಕೈಗೆ ಎಟುಕದಷ್ಟು ಮೇಲೆ ಕೂರಿಸಿದ್ದು ಮಾತ್ರ ಅವನದೇ ಬುದ್ಧಿ. ಅದನ್ನು ಹೆಂಡತಿಯ ಮುಂದೆ ಹೇಳಿಕೊಂಡು ಬೀಗಿದ್ದ ಕೂಡ.

ಈಗ ಎಲ್ಲಕ್ಕಿಂತ ಮೇಲಿನ ಗೀರಿನ ಮೇಲೆ ಹೆಬ್ಬೆರಳಿಟ್ಟು ಕೈ ಅಗಲಿಸಿದ. ಕಿರುಬೆರಳು ಚಿಲಕಕ್ಕೆ ತಾಗಿತು. ಒಂದೇ ಗೇಣು.

“ಬಿಚ್ಚೋದಕ್ಕೂ ಅಳತೆ ಬೇಕೇನಪ್ಪಾ?”

ಬಡಗಿ ಬಿಚ್ಚಿದ್ದ ಎರಡು ಸ್ಕ್ರೂಗಳನ್ನೂ ಹಳೆಯ ತೂತುಗಳಿಗೇ ಇಟ್ಟು, ಒಂದೊಂದಾಗಿ ಮತ್ತೆ ಬಿಗಿದ. ಆಮೇಲೆ ಹೊಸ್ತಿಲ ಮೇಲೆ ಕುಳಿತ.

“ಅವರು ಬಂದು ನೋಡೋವರೆಗೂ ಇದು ಇಲ್ಲೇ ಇರ್ಲಿ ಸಾರ್. ಹಾಕಿದವನೂ ಇಲ್ಲೇ ಇರ್ತಾನೆ.”